ಆಕ್ಸಿರಿಂಕಸ್‌ಗೆ ಹೋದರೆ ನೋಡುವಂಥದ್ದು ಏನಾದರೂ ಉಳಿದಿದೆಯೇ?

ಮಲ್ಪೆ ಮದ್ದಳೆ

ಎಲ್ಲರಿಗೂ ನಮಸ್ಕಾರ. ಮಲ್ಪೆ ಬಂದರಿನ ಐಸ್ ಪ್ಲಾಂಟಿನಲ್ಲಿ ನನ್ನ ಕೆಲಸ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ನನಗೂ ರಜೆ. ಕೈರೋದಲ್ಲಿ ಹೋಟೆಲ್ ಕೆಲಸದಲ್ಲಿರುವ ಭಾವ ಈ ಬಾರಿ ಟಿಕೆಟ್ ಕಳುಹಿಸುತ್ತೇನೆ, ಬಾ ಎಂದಿದ್ದಾರೆ. ಪಿರಮಿಡ್ಡುಗಳನ್ನು ಅವರು ತೋರಿಸಿಯೇ ತೋರಿಸುತ್ತಾರೆ. ನಾನು ನೋಡಬೇಕೆಂದಿರುವುದು ಆಕ್ಸಿರಿಂಕಸ್ ಎಂಬ ಪ್ರಾಚೀನ ಊರನ್ನು.

ಆ ಊರಿನ ಹಳೆಯ ಕಸದ ದಿಬ್ಬಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಂಗ್ಲಿಷ್ ವಿದ್ವಾಂಸರು 1896ರ ಚಳಿಗಾಲದಿಂದ ಅಗೆಸಿದರು. ಲಕ್ಷಗಟ್ಟಲೆ ಪಪೈರಸ್ (ಜೊಂಡಿನಿಂದ ಮಾಡಿದ ಹಳೆಯ ಕಾಗದ) ಚೂರುಗಳು ಸಿಕ್ಕವು. ಅವುಗಳಲ್ಲಿ 413ನೆಯ ಸಂಖ್ಯೆಯದು ಎರಡನೆಯ ಶತಮಾನದ ಒಂದು ಗ್ರೀಕ್ ಪ್ರಹಸನ. ಖಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲ ತೀರದಲ್ಲಿ ಸೆರೆಯಾಗಿದ್ದಾಳೆ. ಅವಳನ್ನು ಬಲಿ ಕೊಡಲು ಸಿದ್ಧತೆ ನಡೆದಿದೆ. ಅಣ್ಣ ಹಡಗಿನಲ್ಲಿ ಬಂದು, ಅಲ್ಲಿನ ರಾಜನಿಗೂ ಅವನ ಜನರಿಗೂ ನೀರು ಬೆರೆಸದ ಮದ್ಯ ಕುಡಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾನೆ. ಆ ರಾಜನ ಬಾಯಲ್ಲಿ ಗ್ರೀಕ್ ಅಲ್ಲದ ಮಾತುಗಳಿವೆ. ಅದು ಕನ್ನಡ ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಬರೆದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬಗ್ಗೆ ಬರೆದಿದ್ದಾರೆ. ಆ ಮಾತುಗಳಲ್ಲಿ ಬರುವ ‘ಮಲ್ಪಿನಿಯಕ್’ ಎಂಬುದನ್ನು ಮಲ್ಪೆಯ ನಾಯಕ ಎಂದು ಓದಿದವರಿದ್ದಾರೆ. ನಮ್ಮ ಊರಿನ ಹೆಸರು ಅಷ್ಟು ಹಿಂದೆ ಅಷ್ಟು ದೂರ ಹೋಗಿದೆ ಎಂದು ಕೇಳಿದಾಗ ನನಗೆ ಹದಿನಾರು ವರ್ಷ. ಇವತ್ತಿಗೂ ಆ ಪುಳಕ ಇಳಿದಿಲ್ಲ.

ಅಲ್ಲಿಗೆ ಹೋದವರು ಯಾರಾದರೂ ಇದ್ದೀರಾ? ಆ ಪಪೈರಸ್ ನೋಡಲು ಸಿಗುತ್ತದೆಯೇ?

ಸುರತ್ಕಲ್ ನಾವಿಕ

ಹಡಗು ರಿಪೇರಿಗೆಂದು ನಿಂತಿದ್ದಾಗ ನಾನು ಹೋಗಿದ್ದೆ. ಈಗ ಊರಿನ ಹೆಸರು ಅಲ್ ಬಹ್ನಸಾ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್. ರೈಲಿನಲ್ಲಿ ಬನಿ ಮಜಾರ್‌ಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಟ್ಯಾಕ್ಸಿ ಹಿಡಿಯಬೇಕು. ಒಂದು ಒಂಟಿ ಕಲ್ಲುಕಂಬ ನಿಂತಿದೆ, ಮರಳು ದಿಬ್ಬಗಳಿವೆ, ಮುಸ್ಲಿಂ ಹುತಾತ್ಮರ ಗುಮ್ಮಟದ ಗೋರಿಗಳಿವೆ. ಹಂಪಿಯಂತೆ ಸುತ್ತಾಡಿ ನೋಡುವಂಥದ್ದಲ್ಲ. ಪಪೈರಸ್ ಅಲ್ಲಿಲ್ಲ, ಆಕ್ಸ್‌ಫರ್ಡ್‌ನಲ್ಲಿದೆ. ಜೂನ್ ತಿಂಗಳ ಬಿಸಿಲು ಮಾತ್ರ ಹುಷಾರು, ಬೆಳಗ್ಗೆ ಹತ್ತರೊಳಗೆ ಮುಗಿಸಿ.

ಬಾರಕೂರು ಕನ್ನಡ ಮೇಷ್ಟ್ರು

ನಿಮ್ಮ ಉತ್ಸಾಹಕ್ಕೆ ತಣ್ಣೀರೆರಚುವ ಮನಸ್ಸು ನನಗಿಲ್ಲ. ಆದರೆ ಹೋಗುವ ಮೊದಲು ಒಂದು ವಿಷಯ ತಿಳಿದಿರಲಿ. ಆ ಪ್ರಹಸನದ ಒಂದು ಸಾಲನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದು ಓದಿದ್ದಾರೆ. ಕೇಳಲು ಎಷ್ಟು ಸಲೀಸಾಗಿದೆ! ಆ ಸಲೀಸೇ ನನ್ನ ಅನುಮಾನಕ್ಕೆ ಕಾರಣ. ನಾವು ಹಾಲು, ಹೂವು, ಹಕ್ಕಿ ಎನ್ನುವುದನ್ನು ಹತ್ತನೆಯ ಶತಮಾನದ ಪಂಪ ಪಾಲ್, ಪೂ, ಪಕ್ಕಿ ಎನ್ನುತ್ತಾನೆ. ಪಕಾರ ಹಕಾರವಾದದ್ದು ಆಮೇಲೆ. ಹೀಗಿರುವಾಗ ಎರಡನೆಯ ಶತಮಾನದ ರಾಜನೊಬ್ಬ ‘ಹಾಕಿ’ ಎನ್ನುವುದು ಹೇಗೆ? ಹಲ್ಮಿಡಿ ಶಾಸನವೇ ಸುಮಾರು 450ರದ್ದು. ತುಳು ಎಂದು ವಾದಿಸಿದವರೂ ಇದ್ದಾರೆ. ತುಳುವಿನಲ್ಲಿ ಇಂದಿಗೂ ಪೂ, ಪಕ್ಕಿ ಉಳಿದಿವೆ ನಿಜ, ಆದರೆ ಎಲ್ಲ ಸಾಲುಗಳೂ ಅದರಿಂದ ಬಿಡಿಸಿಕೊಳ್ಳುವುದಿಲ್ಲ. ಪರದೇಶಿ ಮಾತಿನಂತೆ ಕೇಳಿಸಲಿ ಎಂದು ನಾಟಕಕಾರ ಹೆಣೆದ ಬರಿಯ ಸದ್ದು ಎನ್ನುವವರೂ ಇದ್ದಾರೆ. ನಾನೂ ಅವರ ಕಡೆಗೇ ವಾಲುತ್ತೇನೆ.

ಈ ಕರಾವಳಿಗೂ ಈಜಿಪ್ಟಿಗೂ ಇದ್ದ ನಂಟಿಗೆ ಗಟ್ಟಿ ಸಾಕ್ಷಿ ಬೇಕಿದ್ದರೆ ಕೆಂಪು ಸಮುದ್ರದ ಬಂದರು ಬೆರನೀಕೆಯನ್ನು ನೋಡಿ. ಅಲ್ಲಿನ ದೇವಾಲಯವೊಂದರಲ್ಲಿ ಭಾರತದಲ್ಲಿ ಮಾಡಿದ ಮಣ್ಣಿನ ಹಂಡೆ ಸಿಕ್ಕಿತು. ಅದರೊಳಗೆ ಏಳೂವರೆ ಕಿಲೋ ಕರಿಮೆಣಸು, ಎರಡು ಸಾವಿರ ವರ್ಷ ಹಳೆಯದು. ಪಶ್ಚಿಮ ಘಟ್ಟದ ಬುಡದ ಮೆಣಸು ಅದು. ಅದಕ್ಕೆ ಯಾವ ವ್ಯಾಕರಣದ ತಕರಾರೂ ಇಲ್ಲ.

ಮಲ್ಪೆ ಮದ್ದಳೆ

ಮೇಷ್ಟ್ರೇ, ನಿಮ್ಮ ಮಾತು ಓದಿ ಒಂದು ರಾತ್ರಿ ನಿದ್ದೆ ಬರಲಿಲ್ಲ. ಪ ಮತ್ತು ಹ ಕುರಿತ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ, ಒಪ್ಪುತ್ತೇನೆ. ಇನ್ನು ಮುಂದೆ ಯಾರಿಗೂ ‘ಅದು ಕನ್ನಡವೇ’ ಎಂದು ಹೇಳುವುದಿಲ್ಲ.

ಆದರೂ ಬಹ್ನಸಾಕ್ಕೆ ಹೋಗುತ್ತೇನೆ. ನನ್ನ ಅಜ್ಜ ಯಕ್ಷಗಾನದ ಭಾಗವತರಾಗಿದ್ದರು. ಪ್ರಸಂಗಗಳನ್ನು ಕೈಯಾರೆ ಬರೆದು ಪೆಟ್ಟಿಗೆ ತುಂಬ ಇಟ್ಟಿದ್ದರು. ಪದ್ಯಗಳ ನೆತ್ತಿಯಲ್ಲಿ ರಾಗ, ತಾಳ, ಎಲ್ಲಿ ಮದ್ದಳೆಯ ಬಿಡ್ತಿಗೆ ನುಡಿಸಬೇಕು ಎಂಬ ಗುರುತು. ಅವರು ತೀರಿಕೊಂಡ ಮೂರನೆಯ ಮಳೆಗಾಲದಲ್ಲಿ ಅಟ್ಟದಿಂದ ಪೆಟ್ಟಿಗೆ ಇಳಿಸಿದೆವು. ಮುಚ್ಚಳ ತೆಗೆದರೆ ಗೆದ್ದಲು ಕಟ್ಟಿದ ಮಣ್ಣು, ನಡುವೆ ಅಂಗೈಯಗಲದ ಎರಡು ಹಾಳೆ. ಮನೆಯವರು ಜೋಪಾನವಾಗಿ ಇಟ್ಟದ್ದು ನಮ್ಮಲ್ಲಿ ಐವತ್ತು ವರ್ಷ ಬಾಳಲಿಲ್ಲ. ಅಲ್ಲಿ ಕಸವೆಂದು ಎಸೆದದ್ದು ಸಾವಿರದ ಎಂಟುನೂರು ವರ್ಷ ಉಳಿಯಿತು, ಮಳೆ ಇಲ್ಲ, ನೈಲ್ ನದಿಯ ನೆರೆಯೂ ಆ ದಿಬ್ಬ ಹತ್ತಲಿಲ್ಲ ಎಂಬ ಒಂದೇ ಕಾರಣಕ್ಕೆ. ದಿನವಿಡೀ ಮಂಜುಗಡ್ಡೆ ಪುಡಿ ಮಾಡುವ, ಒದ್ದೆ ಕಾಲಿನಲ್ಲೇ ಮನೆಗೆ ಹೋಗುವ ನಾನು ಆ ಒಣಮಣ್ಣನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು.

ಇನ್ನೊಂದು ಸಂಗತಿ. ಆ ಪ್ರಹಸನದ ಮಾತುಗಳ ನಡುನಡುವೆ ಇಲ್ಲಿ ಚರ್ಮವಾದ್ಯ ಬಾರಿಸಬೇಕು ಎಂಬ ಗುರುತುಗಳಿವೆ, ಒಂದೆಡೆ ಹೆಚ್ಚು ಬಾರಿಸಬೇಕು ಎಂಬ ಸೂಚನೆಯೂ ಇದೆ. ರಾಜನ ಮಾತು ಯಾವ ಭಾಷೆಯದೇ ಆಗಿರಲಿ, ಆ ಗುರುತು ನೋಡಿಕೊಂಡು ಕುಳಿತಿದ್ದ ಹಿಮ್ಮೇಳದವನೊಬ್ಬ ಇದ್ದ. ಮೇಷ್ಟ್ರೇ, ಯಾವ ಯಾವ ಮಾತಿನ ಬಳಿಕ ಆ ಗುರುತು ಬರುತ್ತದೆ ಎಂದು ಕನ್ನಡದಲ್ಲಿ ಬರೆದು ಕೊಡಲು ನಿಮ್ಮಿಂದ ಆಗುತ್ತದೆಯೇ? ಹೊರಡುವ ಮೊದಲು ಗುರುಗಳ ಜೊತೆ ಕುಳಿತು ಒಮ್ಮೆ ಮದ್ದಳೆಯಲ್ಲಿ ನುಡಿಸಿ ನೋಡುವ ಆಸೆ.

ಬಾರಕೂರು ಕನ್ನಡ ಮೇಷ್ಟ್ರು

ಬರೆದು ಕೊಡುತ್ತೇನೆ. ಭಾನುವಾರ ಕತ್ತಲೆ ಬಸದಿಯ ಬಳಿ ಬನ್ನಿ, ಮದ್ದಳೆಯನ್ನೂ ತನ್ನಿ.