ಕುಂಬಳೆಯಲ್ಲಿ ಡಾರ್ವಿನ್ ಬಾರ್ಬೆರಿ ಬದುಕುತ್ತದಾ?

ಕುಂಬಳೆ ತೋಟ: ಕಿತ್ತಳೆ ಹೂ ತುಂಬಿದ ಡಾರ್ವಿನ್ ಬಾರ್ಬೆರಿ ಫೋಟೋ ನೋಡಿದೆ. ಮುಳ್ಳಿನ ಪೊದೆ, ವರ್ಷವಿಡೀ ಹಸಿರಂತೆ. ಅಡಿಕೆ ತೋಟದ ಬೇಲಿಗೆ ಆಗಬಹುದಾ? ದನಗಳ ಕಾಟ ಜಾಸ್ತಿ.

ಊಟಿವಾಸಿ: ಕಷ್ಟ ಸಾರ್. ಅದು ಚಿಲಿ, ಅರ್ಜೆಂಟೀನಾ ಕಡೆಯ ಗಿಡ, ಡಾರ್ವಿನ್ 1835ರಲ್ಲಿ ಬೀಗಲ್ ಹಡಗಿನಲ್ಲಿ ಹೋದಾಗ ಸಂಗ್ರಹಿಸಿದ್ದು. ಅದಕ್ಕೆ ತಂಪು ಹವೆ ಬೇಕು, ನಿಮ್ಮ ಕರಾವಳಿಯ ಏಪ್ರಿಲ್ ಸೆಕೆ ತಡೆಯುವುದಿಲ್ಲ, ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರೂ ಕೊಳೆಯುತ್ತದೆ. ನಮ್ಮ ಬೆಟ್ಟದ ಕಣಿವೆಗಳ ಶೋಲಾ ಕಾಡಿನಲ್ಲಿ ಅದರ ಬಳಗದ ಮಹೋನಿಯಾ ಇದೆ, ಹಳದಿ ಹೂ, ಅದೂ ಬೆಟ್ಟದ ಗಿಡವೇ.

ಕುಂಬಳೆ ತೋಟ: ಊಟಿಯ ತಂಗಿ ಮನೆಯಲ್ಲಾದರೆ?

ಊಟಿವಾಸಿ: ಅಲ್ಲಿ ನೋಡಬಹುದು. ನೀರು ಬಸಿಯುವ ಮಣ್ಣಿರಲಿ. ಹೂ ಮುಗಿದ ಕೂಡಲೇ ಕತ್ತರಿಸಿ, ತಡ ಮಾಡಿದರೆ ಮುಂದಿನ ವರ್ಷದ ಹೂ ಬಿಡುವ ರೆಂಬೆಗಳೇ ಹೋಗುತ್ತವೆ. ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ, ಎಲೆಯೂ ಚುಚ್ಚುತ್ತದೆ.

ಬದಿಯಡ್ಕ: ಬೇಲಿಗೆ ಸುಮ್ನೆ ಕರಂಡೆ (ಕವಳಿಕಾಯಿ ಗಿಡ) ಹಾಕಿ ಮಾರಾಯ್ರೆ! ಮುಳ್ಳು, ಬಿಳಿ ಹೂ, ಸದಾ ಹಸಿರು ಎಲ್ಲವೂ ಇದೆ. ಮುರಕಲ್ಲಿನ ಗುಡ್ಡದಲ್ಲೂ ಬರುತ್ತದೆ. ಎಳೆ ಕಾಯಿ ಉಪ್ಪಿನಕಾಯಿಗೂ ಆಯ್ತು.