ಅಮ್ಮನಿಗೆ ಆಮವಾತ ಇದೆ, ನಾವು ಮಕ್ಕಳು ಜೀನ್ ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ:
ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಿಗ್ಗೆ ಎದ್ದ ತಕ್ಷಣ ಬೆರಳು ಮಡಚಲು ಆಗುವುದಿಲ್ಲ, ಬಾಟಲಿ ಮುಚ್ಚಳ ತೆಗೆಯಲೂ ನನ್ನನ್ನು ಕರೆಯುತ್ತಾರೆ. ಇದು ಎಚ್‌ಎಲ್‌ಎ ಜೀನ್‌ನಿಂದ ಮಕ್ಕಳಿಗೂ ಬರುತ್ತದೆ ಎಂದು ಅಕ್ಕ ಎಲ್ಲೋ ಓದಿದ್ದಾಳೆ. ಟೆಸ್ಟ್ ಮಾಡಿಸೋಣ ಅಂತ ಹಟ ಹಿಡಿದಿದ್ದಾಳೆ. ನನಗೂ ಭಯ ಶುರುವಾಗಿದೆ. ತಿಳಿದವರು ಹೇಳಿ.

ಉತ್ತರ 1:
ನಾನು ಇಮ್ಯುನಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಅಕ್ಕ ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ.

ಆ ಜೀನ್ ಎಚ್‌ಎಲ್‌ಎ-ಡಿಆರ್‌ಬಿ1, 6ನೇ ಕ್ರೋಮೋಸೋಮ್‌ನಲ್ಲಿದೆ. ಅದರಿಂದ ತಯಾರಾಗುವ ಪ್ರೋಟೀನ್‌ನಲ್ಲಿ ಒಂದು ಸಣ್ಣ ಕಾಲುವೆಯಂಥ ಜಾಗ ಇರುತ್ತದೆ. ಬೇರೆ ಪ್ರೋಟೀನ್‌ಗಳ ಚೂರುಗಳನ್ನು ಅಲ್ಲಿ ಹಿಡಿದು ಟಿ ಕಣಗಳಿಗೆ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಿಗೆ) ತೋರಿಸುವುದೇ ಅದರ ಕೆಲಸ. ಕೆಲವರಲ್ಲಿ ಈ ಪ್ರೋಟೀನ್‌ನ 70ರಿಂದ 74ನೇ ಸ್ಥಾನದ ಅಮೈನೋ ಆಮ್ಲಗಳು (ಪ್ರೋಟೀನ್ ಕಟ್ಟುವ ಘಟಕಗಳು) ಒಂದೇ ಥರ ಇರುತ್ತವೆ. ಇದಕ್ಕೆ 1987ರಲ್ಲಿ 'ಶೇರ್ಡ್ ಎಪಿಟೋಪ್' ಎಂದು ಹೆಸರಿಟ್ಟರು. ಅರ್ಜಿನೈನ್ ಎಂಬ ಅಮೈನೋ ಆಮ್ಲ ಬದಲಾಗಿ ಸಿಟ್ರುಲಿನ್ ಆಗಿರುವ ಚೂರುಗಳು ಇಲ್ಲಿ ಚೆನ್ನಾಗಿ ಕೂರುತ್ತವೆ. ದೇಹ ಅವನ್ನು ಪರಕೀಯ ಅಂದುಕೊಂಡರೆ ತೊಂದರೆ ಶುರು. ಆಮವಾತ ಪತ್ತೆಗೆ ಮಾಡುವ ಆ್ಯಂಟಿ-ಸಿಸಿಪಿ ರಕ್ತದ ಟೆಸ್ಟ್ ಹುಡುಕುವುದು ಇವುಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನೇ.

ಈಗ ಉಳಿದರ್ಧ. ತದ್ರೂಪಿ ಅವಳಿಗಳ ಜೀನ್ ಎಲ್ಲ ಒಂದೇ ಅಲ್ವಾ? ಆದರೂ ಒಬ್ಬರಿಗೆ ಆಮವಾತ ಇದ್ದರೆ ಇನ್ನೊಬ್ಬರಿಗೂ ಬರುವುದು 100ರಲ್ಲಿ ಸುಮಾರು 15 ಜೋಡಿಗಳಲ್ಲಿ ಮಾತ್ರ. ಶೇರ್ಡ್ ಎಪಿಟೋಪ್ ಇದ್ದೂ ಜೀವನಪೂರ್ತಿ ಕೀಲು ಚೆನ್ನಾಗಿರುವವರೇ ಜಾಸ್ತಿ. ಪಿಟಿಪಿಎನ್22, ಸ್ಟ್ಯಾಟ್4 ಥರದ ಬೇರೆ ಜೀನ್‌ಗಳೂ ಇವೆ, ಒಂದೊಂದರ ಪಾಲು ಚಿಕ್ಕದು. ಪಿಟಿಪಿಎನ್22ರ ಅಪಾಯ ಹೆಚ್ಚಿಸುವ ರೂಪವಂತೂ ಯುರೋಪ್ ಮೂಲದವರಲ್ಲಿ ಸಾಮಾನ್ಯ, ಏಷ್ಯಾದವರಲ್ಲಿ ತೀರಾ ಅಪರೂಪ. ಹಾಗಾಗಿ ಲಕ್ಷಣವೇ ಇಲ್ಲದೆ ಸುಮ್ನೆ ಜೀನ್ ಟೆಸ್ಟ್ ಮಾಡಿಸಿದರೆ ಕೈಗೆ ಸಿಗುವುದು ಚಿಂತೆಯೊಂದೇ. ದಯವಿಟ್ಟು ಬೇಡ.

ಸಿಗರೇಟ್ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ. ಹೊಗೆಯಿಂದ ಶ್ವಾಸಕೋಶದಲ್ಲೇ ಸಿಟ್ರುಲಿನ್ ಬದಲಾವಣೆ ಜಾಸ್ತಿಯಾಗುತ್ತದೆ. ಶೇರ್ಡ್ ಎಪಿಟೋಪೂ ಇದ್ದು ಸಿಗರೇಟೂ ಸೇದಿದರೆ ಅಪಾಯ ಹಲವು ಪಟ್ಟು ಏರುತ್ತದೆ.

ಉತ್ತರ 2:
ನನಗೂ ಆಮವಾತ ಇದೆ, ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಇಲ್ಲ. ನನಗೆ ಮೊದಲು ಊದಿದ್ದು ಬೆರಳಿನ ಬುಡದ ಗೆಣ್ಣುಗಳು. ಮುಷ್ಟಿ ಕಟ್ಟಿದರೆ ಗೆಣ್ಣುಗಳ ನಡುವಿನ ಗುಂಡಿಗಳೇ ಕಾಣುತ್ತಿರಲಿಲ್ಲ. ನೀವಾಗಲಿ ಅಕ್ಕ ಆಗಲಿ ಹಾಗೆ ಕಂಡರೆ, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಜಾಸ್ತಿ ಇದ್ದರೆ, ತಡ ಮಾಡದೆ ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ಹತ್ತಿರ ಹೋಗಿ. ಬೇಗ ಔಷಧಿ ಶುರುವಾದರೆ ಕೀಲು ಸವೆಯುವುದನ್ನು ತಡೆಯಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಅಮ್ಮನ ರಿಪೋರ್ಟ್ ತೆಗೆದು ನೋಡಿದೆ, ಸಿಸಿಪಿ ಪಾಸಿಟಿವ್. ನಾವಿಬ್ಬರೂ ಸೇದುವುದಿಲ್ಲ, ಅಣ್ಣ ಸೇದುತ್ತಾನೆ. ಈಗ ಬಿಟ್ಟರೆ ಪ್ರಯೋಜನ ಇದೆಯಾ?

ಉತ್ತರ 1:
ಖಂಡಿತ ಇದೆ. ಅಪಾಯ ಒಂದೇ ಸಲ ಇಳಿಯುವುದಿಲ್ಲ, ವರ್ಷಗಳೇ ಬೇಕು. ಅದಕ್ಕೇ ಇವತ್ತೇ ಹೇಳಿ.