ಸೆಪ್ಟೆಂಬರ್ ಮೊದಲ ವಾರದಲ್ಲಿ ಯೂಟಾದ ಸ್ಲಾಟ್ ಕ್ಯಾನ್ಯನ್‌ಗಳಿಗೆ ಇಳಿಯಬಹುದೇ?

ಫೀನಿಕ್ಸ್_ನಿವಾಸಿ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಅರಿಜೋನಾದ ಫೀನಿಕ್ಸ್‌ನಲ್ಲಿ ನೆಲೆಸಿರುವ ನಾವು ಐವರು ಗೆಳೆಯರು ಲೇಬರ್ ಡೇ ರಜೆಯಲ್ಲಿ ಯೂಟಾದ ಎಸ್ಕಲಾಂಟೆ ಕಡೆಗೆ ಹೋಗಿ, ಅಲ್ಲಿನ ಪೀಕಬೂ ಮತ್ತು ಸ್ಪೂಕಿ ಎಂಬ ಎರಡು ಇಕ್ಕಟ್ಟಿನ ಕೊರಕಲುಗಳನ್ನು (ಸ್ಲಾಟ್ ಕ್ಯಾನ್ಯನ್) ಒಂದೇ ದಿನದಲ್ಲಿ ನೋಡಬೇಕೆಂದು ಯೋಚಿಸಿದ್ದೇವೆ. ನಮ್ಮಲ್ಲಿ ಇಬ್ಬರು ಬಾದಾಮಿಯ ಬಂಡೆಗಳಲ್ಲಿ ಹಗ್ಗ ಕಟ್ಟಿಕೊಂಡು ಹತ್ತಿ ಅಭ್ಯಾಸವಿರುವವರು. ಉಳಿದ ಮೂವರಿಗೆ ಚಾರಣದ ಅನುಭವವಷ್ಟೇ ಇದೆ. ಒಬ್ಬ ಗೆಳೆಯನ ತೂಕ 105 ಕಿಲೋ. ಸ್ಪೂಕಿಯಲ್ಲಿ ಕೆಲವೆಡೆ ಅಗಲ 10 ಅಂಗುಲವಷ್ಟೇ ಎಂದು ಓದಿದ ಮೇಲೆ ಅವನನ್ನು ಕರೆದೊಯ್ಯುವುದು ಸರಿಯೇ ಎಂಬ ಅಳುಕು ಹುಟ್ಟಿದೆ. ಇದರ ಜೊತೆಗೆ, ಬಾದಾಮಿಯಲ್ಲಿ ಹತ್ತಿದ ಇಬ್ಬರೂ ಮರುದಿನ ಜಾಯನ್ ರಾಷ್ಟ್ರೀಯ ಉದ್ಯಾನದ ಕೀಹೋಲ್ ಕ್ಯಾನ್ಯನ್‌ಗೆ ಹಗ್ಗದ ನೆರವಿನಿಂದ ಇಳಿಯೋಣ, ಅದು ಚಿಕ್ಕದು, ಹೊಸಬರಿಗೂ ಆಗುತ್ತದೆ ಎನ್ನುತ್ತಿದ್ದಾರೆ. ಹೋಗಿ ಬಂದವರು ದಯವಿಟ್ಟು ತಿಳಿಸಬೇಕು.

ಕಲ್ಲುದಾರಿ ಅವರ ಉತ್ತರ:

ನಾನು ಈ ಜೋಡಿ ಕೊರಕಲುಗಳಿಗೆ ಎರಡು ಬಾರಿ ಹೋಗಿದ್ದೇನೆ, ಆದ್ದರಿಂದ ಮೊದಲು ನಿಮ್ಮ ಗೆಳೆಯರ ವಿಷಯವನ್ನೇ ಹೇಳುತ್ತೇನೆ. ಅಲ್ಲಿ ಲೆಕ್ಕಕ್ಕೆ ಬರುವುದು ತೂಕವಲ್ಲ, ಎದೆಯಿಂದ ಬೆನ್ನಿನವರೆಗಿನ ದಪ್ಪ. ಸ್ಪೂಕಿಯಲ್ಲಿ ನೀವು ಬಹುತೇಕ ಅಡ್ಡಡ್ಡವಾಗಿಯೇ ನಡೆಯಬೇಕಾಗುತ್ತದೆ. ಬೆನ್ನಿನ ಚೀಲವನ್ನು ಕಳಚಿ ಕೈಯಲ್ಲಿ ಹಿಡಿದು, ಮುಂದಿನ ಹೆಜ್ಜೆಯ ಕಡೆಗೆ ಮೊದಲು ಅದನ್ನು ತಳ್ಳಿ, ಆಮೇಲೆ ಮೈಯನ್ನು ಸರಿಸಬೇಕು. ಅತಿ ಇಕ್ಕಟ್ಟಾದ ಜಾಗಕ್ಕೆ ತಲೆಯನ್ನು ಯಾವ ಕಡೆಗೆ ತಿರುಗಿಸಿಕೊಂಡು ಹೊಕ್ಕಿರೋ ಹೊರಬರುವವರೆಗೂ ಅದೇ ಕಡೆಗೆ ನೋಡುತ್ತಿರಬೇಕು, ಏಕೆಂದರೆ ಮೂಗು ಆಚೆಗೆ ತಿರುಗಲು ಜಾಗವಿರುವುದಿಲ್ಲ. ಎರಡನೆಯ ಬಾರಿ ಹೋದಾಗ ನನ್ನ ಅಂಗಿಯ ಎರಡು ಗುಂಡಿಗಳು ಅಲ್ಲೇ ಉದುರಿದವು. ಆ ಮರಳುಗಲ್ಲಿನ ಮೈ ಸ್ಯಾಂಡ್‌ಪೇಪರಿನಂತೆಯೇ ಉಜ್ಜುತ್ತದೆ. ದಪ್ಪ ಮೈಯವರು ಉಸಿರು ಬಿಟ್ಟು ಬಲವಂತವಾಗಿ ನುಗ್ಗಬಾರದು, ಏಕೆಂದರೆ ಉಸಿರು ಬಿಟ್ಟು ನುಗ್ಗಿದವರಿಗೆ ಮತ್ತೆ ಉಸಿರು ತೆಗೆದುಕೊಳ್ಳಲು ಜಾಗ ಬೇಕಲ್ಲವೇ?

ರೂಢಿಯ ದಾರಿ ಎಂದರೆ ಪೀಕಬೂವನ್ನು ಕೆಳಗಿನಿಂದ ಹತ್ತಿ, ಮೇಲಿನ ಬಯಲಿನಲ್ಲಿ ಸ್ವಲ್ಪ ದೂರ ನಡೆದು, ಸ್ಪೂಕಿಯನ್ನು ಮೇಲಿನಿಂದ ಇಳಿಯುವುದು. ಪೀಕಬೂವಿನ ಬಾಯಲ್ಲೇ ಸುಮಾರು ಹನ್ನೆರಡು ಅಡಿಯ ಗೋಡೆಯಿದ್ದು, ಅದರಲ್ಲಿ ಕಾಲಿಡಲು ಕೊರೆದ ಗುಳಿಗಳಿವೆ. ಸ್ಪೂಕಿಯಲ್ಲಿ ಒಂದೆಡೆ ದೊಡ್ಡ ಬಂಡೆಗಳು ಸಿಕ್ಕಿಕೊಂಡಿದ್ದು, ಅವುಗಳ ಸಂದಿಯಿಂದ ಕೆಳಗಿಳಿಯಬೇಕು. ಅಲ್ಲಿ ಒಬ್ಬರು ಮೇಲೆ, ಒಬ್ಬರು ಕೆಳಗೆ ನಿಂತು ಕೈ ಕೊಟ್ಟರೆ ಹೊಸಬರಿಗೂ ಸಾಧ್ಯ. ನಿಮ್ಮ ದಪ್ಪ ಮೈಯ ಗೆಳೆಯರು ಪೀಕಬೂವನ್ನು ನೋಡಿಕೊಂಡು ಹಿಂದಿರುಗಿ, ಡ್ರೈ ಫೋರ್ಕ್ ಎಂಬ ಒಣಹಳ್ಳದ ಮರಳಿನ ಹಾದಿಯಲ್ಲೇ ಸ್ಪೂಕಿಯ ಕೆಳಬಾಯಿಗೆ ಬಂದು, ಅಲ್ಲಿಂದ ತಮಗೆ ಹಿತವೆನಿಸುವಷ್ಟು ದೂರ ಒಳಗೆ ಹೋಗಿ ಬರಲಿ. ಇದನ್ನು ಹಿಂದಿನ ರಾತ್ರಿಯೇ ಮಾತಾಡಿಕೊಳ್ಳಿ. ಮೇಲಿನಿಂದ ಇಳಿದು ಅರ್ಧದಾರಿಯಲ್ಲಿ ಆಗುವುದಿಲ್ಲವೆಂದು ತಿಳಿದರೆ, ಬಂಡೆಗಳ ಸಂದಿಯನ್ನು ಮತ್ತೆ ಹತ್ತಬೇಕಾಗುತ್ತದೆ, ಹಿಂದೆ ಬರುತ್ತಿರುವ ಅಪರಿಚಿತರ ಗುಂಪನ್ನೂ ಹಿಮ್ಮೆಟ್ಟಿಸಬೇಕಾಗುತ್ತದೆ.

ಮುಗಿಲುನೋಟ ಅವರ ಉತ್ತರ:

ಕಲ್ಲುದಾರಿಯವರು ದಾರಿಯನ್ನು ಚೆನ್ನಾಗಿ ವಿವರಿಸಿದ್ದಾರೆ. ಆದರೆ ನನ್ನ ಮಟ್ಟಿಗೆ ಪ್ರಶ್ನೆಯ ತೊಡಕು ದಿನಾಂಕದಲ್ಲಿದೆ. ಅಮೆರಿಕದ ನೈರುತ್ಯ ಭಾಗಕ್ಕೂ ಒಂದು ಮುಂಗಾರು ಇದೆ. ಜುಲೈಯಿಂದ ಸೆಪ್ಟೆಂಬರಿನ ಮಧ್ಯದವರೆಗೂ ಮಧ್ಯಾಹ್ನದ ಹೊತ್ತಿಗೆ ಗುಡುಗುಮಳೆ ಕಟ್ಟುತ್ತದೆ. ನಮ್ಮ ಮಲೆನಾಡಿನಲ್ಲಿ ಮಣ್ಣು ಮತ್ತು ಕಾಡು ಮಳೆಯನ್ನು ಕುಡಿಯುತ್ತವೆ. ಅಲ್ಲಿ ಬೋಳು ಬಂಡೆಯ ಮೇಲೆ ಬಿದ್ದ ನೀರು ಹಾಗೆಯೇ ಜಾರಿ ಕೊರಕಲಿಗೆ ಸೇರುತ್ತದೆ. ನಾಲ್ಕು ಮೀಟರ್ ಅಗಲದ ಹಳ್ಳದಲ್ಲಿ ಮೊಣಕಾಲು ಮಟ್ಟಕ್ಕೆ, ಅಂದರೆ ಅರ್ಧ ಮೀಟರ್ ಆಳದಲ್ಲಿ ಹರಿಯುವ ನೀರು, 40 ಸೆಂಟಿಮೀಟರಿನ ಸಂದಿಗೆ ಅದೇ ವೇಗದಲ್ಲಿ ನುಗ್ಗಿದರೆ ಐದು ಮೀಟರ್ ಎತ್ತರಕ್ಕೆ ಏರಬೇಕಾಗುತ್ತದೆ. ದಕ್ಷಿಣ ಯೂಟಾದ ಬಕ್‌ಸ್ಕಿನ್ ಗಲ್ಚ್ ಎಂಬ ಕೊರಕಲಿನಲ್ಲಿ ತಲೆಯೆತ್ತಿ ನೋಡಿದರೆ, ಎರಡು ಗೋಡೆಗಳ ನಡುವೆ ಬಹಳ ಎತ್ತರದಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿರುವ ಮರದ ದಿಮ್ಮಿಗಳು ಕಾಣುತ್ತವೆ. ಅವುಗಳನ್ನು ಅಲ್ಲಿಗೆ ಏರಿಸಿದ್ದು ನೀರೇ.

ಮಳೆ ನಿಮ್ಮ ತಲೆಯ ಮೇಲೆಯೇ ಬೀಳಬೇಕೆಂದೇನೂ ಇಲ್ಲ. 1997ರ ಆಗಸ್ಟ್ 12ರಂದು ಅರಿಜೋನಾದ ಪೇಜ್ ಬಳಿಯ ಲೋವರ್ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಬಿರುಮಳೆ ಸುರಿದದ್ದು ಹಲವು ಮೈಲಿ ದೂರದಲ್ಲಿ. ನಿಮ್ಮ ಗೆಳೆಯರು ಹೇಳುತ್ತಿರುವ ಕೀಹೋಲ್‌ನಲ್ಲಿಯೇ 2015ರ ಸೆಪ್ಟೆಂಬರ್ 14ರಂದು, ಅನುಮತಿ ಪತ್ರ ಪಡೆದು ಇಳಿದಿದ್ದ ಏಳು ಮಂದಿಯ ತಂಡದಲ್ಲಿ ಒಬ್ಬರೂ ಉಳಿಯಲಿಲ್ಲ. ಆ ದಿನ ಪ್ರವಾಹದ ಸಾಧ್ಯತೆಯ ಮುನ್ನೆಚ್ಚರಿಕೆ ಇತ್ತು. ಅನುಮತಿ ಪತ್ರ ಕೈಯಲ್ಲಿದೆ ಎಂದ ಮಾತ್ರಕ್ಕೆ ಹವಾಮಾನವೂ ಒಪ್ಪಿಗೆ ಕೊಟ್ಟಿದೆ ಎಂದು ತಿಳಿಯಬಾರದು, ಅನುಮತಿ ಕೊಡುವ ರೇಂಜರುಗಳೂ ಅದನ್ನೇ ಹೇಳುತ್ತಾರೆ.

ರಾಷ್ಟ್ರೀಯ ಹವಾಮಾನ ಸೇವೆಯು ಈ ಪ್ರದೇಶಗಳಿಗಾಗಿಯೇ ದಿಢೀರ್ ಪ್ರವಾಹದ ಸಂಭವವನ್ನು ನಿರೀಕ್ಷೆಯಿಲ್ಲ, ಸಾಧ್ಯ, ಸಂಭವನೀಯ, ನಿರೀಕ್ಷಿತ ಎಂಬ ನಾಲ್ಕು ಹಂತಗಳಲ್ಲಿ ಪ್ರಕಟಿಸುತ್ತದೆ. ಮೊದಲನೆಯದರ ಹೊರತು ಬೇರೆ ಯಾವುದಿದ್ದರೂ ನಾನು ಇಳಿಯುವುದಿಲ್ಲ. ಇದು ಅತಿಯಾಯಿತು ಎನ್ನುವವರು ಇದ್ದಾರೆ, ಇರಲಿ. ಫೀನಿಕ್ಸ್‌ನಿಂದ ಬರುವವರಿಗೆ ಇನ್ನೊಂದು ಸಣ್ಣ ಮಾತು: ಸೆಪ್ಟೆಂಬರಿನಲ್ಲಿ ಯೂಟಾದ ಗಡಿಯಾರ ನಿಮ್ಮದಕ್ಕಿಂತ ಒಂದು ಗಂಟೆ ಮುಂದಿರುತ್ತದೆ. ಬೆಳಿಗ್ಗೆ ಏಳಕ್ಕೆ ಹೊರಡುವ ಮಾತಾಗಿದ್ದು, ನಿಮ್ಮ ಕೈಗಡಿಯಾರ ಅರಿಜೋನಾದ ಏಳನ್ನು ತೋರಿಸುತ್ತಿದ್ದರೆ, ಗುಡುಗುಮಳೆಗೆ ಮುನ್ನ ಹೊರಬರಲು ಇಟ್ಟುಕೊಂಡಿದ್ದ ಒಂದು ಗಂಟೆ ಕೈಬಿಟ್ಟಿತೆಂದೇ ಅರ್ಥ.

ಹಗ್ಗಗಂಟು ಅವರ ಉತ್ತರ:

ಬಾದಾಮಿಯಲ್ಲಿ ಹತ್ತಿದವರ ಉತ್ಸಾಹವನ್ನು ನಾನು ಅಲ್ಲಗಳೆಯುವುದಿಲ್ಲ, ನಾನೂ ಅಲ್ಲಿಯೇ ಕಲಿತವನು. ಆದರೆ ಅಲ್ಲಿ ನಾವು ಕೆಳಗಿನಿಂದ ಹತ್ತುತ್ತೇವೆ, ಕೈಸೋತರೆ ಕೆಳಗೆ ನಿಂತವರು ಹಗ್ಗ ಸಡಿಲಿಸಿ ಇಳಿಸುತ್ತಾರೆ, ಸಂಜೆ ಊರಿಗೆ ಹೋಗಿ ಚಹಾ ಕುಡಿಯುತ್ತೇವೆ. ಹಗ್ಗ ಬೇಕಾಗುವ ಕ್ಯಾನ್ಯನ್‌ನಲ್ಲಿ ಮೇಲಿನಿಂದ ಇಳಿದು, ಎಲ್ಲರೂ ಕೆಳಗೆ ಬಂದ ಮೇಲೆ ಹಗ್ಗವನ್ನು ಒಂದು ತುದಿಯಿಂದ ಎಳೆದುಕೊಂಡು ಮುಂದಕ್ಕೆ ಹೋಗುತ್ತೇವೆ. ಹಗ್ಗ ಕೆಳಗೆ ಬಿದ್ದ ಕ್ಷಣದಿಂದ ಹಿಂದಿನ ದಾರಿ ಮುಚ್ಚಿತು. ಒಬ್ಬರ ಕಾಲು ಉಳುಕಿದರೂ, ಮೋಡ ಕವಿದರೂ, ಹೊರಬರುವ ದಾರಿ ಮುಂದಿನ ತುದಿಯಲ್ಲಿ ಮಾತ್ರ. ಕೀಹೋಲ್ ಚಿಕ್ಕದು ಎನ್ನುವುದು ನಿಜ, ಅದರ ಇಳಿತಗಳೂ ಎತ್ತರವಲ್ಲ. ಆದರೆ ಒಳಗೆ ಬಿಸಿಲು ಕಾಣದ ತಣ್ಣನೆಯ ನೀರಿನಲ್ಲಿ ಈಜಬೇಕಾಗುತ್ತದೆ, ಬೇಸಿಗೆಯಲ್ಲೂ ಮೈ ಬೆಚ್ಚಗಿಡುವ ವೆಟ್‌ಸೂಟ್ ಇಲ್ಲದೆ ಹೋದವರು ನಡುಗುತ್ತಲೇ ಹೊರಬರುತ್ತಾರೆ. ನಡುಗುವ ಬೆರಳುಗಳಿಂದ ಹಗ್ಗವನ್ನು ಇಳಿಯುವ ಸಾಧನಕ್ಕೆ ಪೋಣಿಸುವುದು ಎಷ್ಟು ಕಷ್ಟವೆಂಬುದನ್ನು ಮನೆಯಲ್ಲಿ ಐಸ್ ನೀರಿನಲ್ಲಿ ಕೈ ಅದ್ದಿಟ್ಟು ಒಮ್ಮೆ ಪರೀಕ್ಷಿಸಿ ನೋಡಿ.

ಹಗ್ಗದ ವಿದ್ಯೆ ಗೊತ್ತಿಲ್ಲದ ಮೂವರನ್ನು ಗೊತ್ತಿರುವ ಇಬ್ಬರು ಇಳಿಸಬೇಕೆಂದರೆ ಒಬ್ಬರು ಮೊದಲು, ಒಬ್ಬರು ಕೊನೆಗೆ ಇಳಿಯಬೇಕು. ಆ ಇಬ್ಬರಲ್ಲಿ ಒಬ್ಬರಿಗೆ ಏನಾದರೂ ಆದರೆ ತಂಡಕ್ಕೆ ಒಂದೇ ಕೈ ಉಳಿಯುತ್ತದೆ. ಈ ಬಾರಿ ಕೀಹೋಲ್ ಬೇಡವೆಂಬುದೇ ನನ್ನ ಸಲಹೆ. ಎಲ್ಲಿಗೇ ಹೋದರೂ, ಯಾವ ಕೊರಕಲು, ಎಷ್ಟು ಹೊತ್ತಿಗೆ ಹೊರಬರುತ್ತೀರಿ, ಎಷ್ಟು ಹೊತ್ತಾದರೆ ಪೊಲೀಸರಿಗೆ ಕರೆ ಮಾಡಬೇಕು ಎಂಬುದನ್ನು ಮನೆಯಲ್ಲಿರುವವರಿಗೆ ಬರೆದುಕೊಡಿ. 2003ರಲ್ಲಿ ಯೂಟಾದ ಬ್ಲೂಜಾನ್ ಕ್ಯಾನ್ಯನ್‌ನಲ್ಲಿ ಬಂಡೆಗೆ ಕೈ ಸಿಕ್ಕಿಕೊಂಡು ಐದು ದಿನ ಕಳೆದು, ಕೊನೆಗೆ ತನ್ನ ಕೈಯನ್ನೇ ಕತ್ತರಿಸಿಕೊಂಡು ಬಂದ ಆರನ್ ರಾಲ್ಸ್ಟನ್ ತಾನು ಎಲ್ಲಿಗೆ ಹೋಗುತ್ತಿರುವೆನೆಂದು ಯಾರಿಗೂ ಹೇಳಿರಲಿಲ್ಲ. ಉಪಗ್ರಹ ಸಂದೇಶದ ಸಾಧನವಿದ್ದರೂ, ಆಕಾಶ ಒಂದು ಗೆರೆಯಷ್ಟೇ ಕಾಣುವ ಕಡೆ ಅದನ್ನು ನೆಚ್ಚುವಂತಿಲ್ಲ.

ಫೀನಿಕ್ಸ್_ನಿವಾಸಿ:

ಮೂವರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಐವರೂ ಕುಳಿತು ಇದನ್ನೆಲ್ಲ ಗಟ್ಟಿಯಾಗಿ ಓದಿದೆವು. ಕೀಹೋಲ್ ಕೈಬಿಟ್ಟಿದ್ದೇವೆ, ಪ್ರವಾಸವನ್ನು ಅಕ್ಟೋಬರ್ ಎರಡನೆಯ ವಾರಕ್ಕೆ ಮುಂದೂಡಿದ್ದೇವೆ. ದಪ್ಪ ಮೈಯ ಗೆಳೆಯ ಅಡುಗೆಮನೆಯ ಬಾಗಿಲನ್ನು 10 ಅಂಗುಲ ಮಾತ್ರ ತೆರೆದಿಟ್ಟು ತಾನೇ ನುಸುಳಲು ನೋಡಿ, ಅರ್ಧಕ್ಕೆ ಸಿಕ್ಕಿಕೊಂಡು, "ನಾನು ಕೆಳಬಾಯಿಯಲ್ಲಿ ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಕಾಯುತ್ತೇನೆ" ಎಂದು ಒಪ್ಪಿಕೊಂಡಿದ್ದಾನೆ. ಉಳಿದದ್ದು ಒಂದೇ ಪ್ರಶ್ನೆ: ಬಾಡಿಗೆಯ ಸಾಧಾರಣ ಸೆಡಾನ್ ಕಾರಿನಲ್ಲಿ ಅಲ್ಲಿಗೆ ತಲುಪಬಹುದೇ?

ಕಲ್ಲುದಾರಿ:

ಹೋಲ್-ಇನ್-ದ-ರಾಕ್ ರಸ್ತೆಯಲ್ಲಿ ಹೆದ್ದಾರಿ 12ರಿಂದ ಸುಮಾರು 26 ಮೈಲಿ ಡಾಂಬರಿಲ್ಲದ ದಾರಿ. ಅಲೆಯಲೆಯಾಗಿ ಎದ್ದ ಮಣ್ಣಿನ ಮೇಲೆ ಕಾರು ಹಲ್ಲು ಕಡಿಸುವಂತೆ ಅದುರುತ್ತದೆ. ಒಣಗಿದ್ದಾಗ ನಿಧಾನವಾಗಿ ಹೋದ ಸೆಡಾನ್‌ಗಳನ್ನು ನಾನು ನೋಡಿದ್ದೇನೆ, ಆದರೆ ಮಳೆಯಾದ ಮರುದಿನ ಅದು ಜೇಡಿಯಾಗಿ ಚಕ್ರಗಳನ್ನು ಹಿಡಿದುಕೊಳ್ಳುತ್ತದೆ. ಬಾಡಿಗೆಯ ಕರಾರಿನಲ್ಲಿ ಮಣ್ಣಿನ ರಸ್ತೆಗೆ ನಿಷೇಧವಿದೆಯೇ ಎಂದು ಮೊದಲು ಓದಿ. ನೆಲದಿಂದ ಎತ್ತರವಿರುವ ಗಾಡಿಯನ್ನೇ ತೆಗೆದುಕೊಂಡರೂ ಮೇಲಿನ ವಾಹನ ನಿಲ್ದಾಣದಲ್ಲೇ ನಿಲ್ಲಿಸಿ ನಡೆಯುವುದು ಲೇಸು, ಅಲ್ಲಿಂದ ಒಟ್ಟು ನಡಿಗೆ ಸುಮಾರು ಒಂಬತ್ತು ಕಿಲೋಮೀಟರ್. ಹೊರಡುವ ಮುನ್ನ ಎಸ್ಕಲಾಂಟೆ ಊರಿನ ಸಂದರ್ಶಕರ ಕೇಂದ್ರದಲ್ಲಿ ರಸ್ತೆಯ ಸ್ಥಿತಿಯನ್ನೂ, ಕೊರಕಲಿನೊಳಗೆ ನೀರು ನಿಂತಿದೆಯೇ ಎಂಬುದನ್ನೂ ವಿಚಾರಿಸಿ. ತಲೆಗೆ ನಾಲ್ಕು ಲೀಟರ್ ನೀರು ಇರಲಿ, ಚಿತ್ರಾನ್ನ ಹಿಡಿದು ಕಾಯುವವರಿಗೂ ಸೇರಿಸಿ.